ಸೊನ್ನೆಗೆ ಸೊನ್ನೆ ಕೂಡಿದರೆ ಕರೆಂಟ್ ಬರುತ್ತಾ?

ಪ್ರಶ್ನೆ: ಬಡ ದೇಶಗಳು ನೆರೆಯವರ ಜೊತೆ ಸೇರಿ ವಿದ್ಯುತ್ ಜಾಲ ಕಟ್ಟುತ್ತಿವೆ ಎಂದು ಓದಿದೆ. ಆದರೆ ಅಲ್ಲಿ ಯಾರ ಹತ್ತಿರವೂ ಸಾಕಷ್ಟು ಕರೆಂಟ್ ಇಲ್ಲವಲ್ಲ? ಇಲ್ಲದವರೆಲ್ಲ ಸೇರುವುದು ಸೊನ್ನೆಗೆ ಸೊನ್ನೆ ಕೂಡಿದ ಹಾಗೆ ಅಲ್ವಾ?

ಉತ್ತರ: ಎಲ್ಲರಿಗೂ ಕೊರತೆ ಇದೆ, ನಿಜ. ಆದರೆ ಒಂದೇ ಹೊತ್ತಿಗೆ ಇರುವುದಿಲ್ಲ. ನೇಪಾಳವನ್ನೇ ನೋಡಿ. ಅಲ್ಲಿನ ಹೆಚ್ಚಿನ ಘಟಕಗಳು ಹರಿಯುವ ನದಿಯನ್ನೇ ನಂಬಿವೆ, ನೀರು ಕೂಡಿಡುವ ದೊಡ್ಡ ಅಣೆಕಟ್ಟು ಕಮ್ಮಿ. ಮಳೆಗಾಲದಲ್ಲಿ ಕರೆಂಟ್ ಮಿಗುತ್ತದೆ. ಚಳಿಗಾಲದಲ್ಲಿ ನದಿ ಸೊರಗಿದಾಗ ಸಾಲುವುದಿಲ್ಲ. ಒಂದು ಕಾಲದಲ್ಲಿ ಚಳಿಗಾಲ ಬಂತೆಂದರೆ ದಿನಕ್ಕೆ 12 ತಾಸಿಗೂ ಜಾಸ್ತಿ ಲೋಡ್ ಶೆಡ್ಡಿಂಗ್. 2016ರಲ್ಲಿ ನೇಪಾಳದ ಧಲ್ಕೇಬರ್‌ಗೂ ಬಿಹಾರದ ಮುಜಫ್ಫರ್‌ಪುರಕ್ಕೂ ನಡುವಿನ ಲೈನ್ ಶುರುವಾಯಿತು, ಭಾರತದಿಂದ ಕರೆಂಟ್ ತರಿಸಲು ದೊಡ್ಡ ದಾರಿ ಸಿಕ್ಕಿತು. ಈಗ ನೇಪಾಳ ಮಳೆಗಾಲದಲ್ಲಿ ಅದೇ ತಂತಿಯಲ್ಲಿ ಮಾರುತ್ತದೆ, ಚಳಿಗಾಲದಲ್ಲಿ ಕೊಳ್ಳುತ್ತದೆ. 2024ರ ನವೆಂಬರ್‌ನಲ್ಲಿ ಬಾಂಗ್ಲಾದೇಶಕ್ಕೂ 40 ಮೆಗಾವಾಟ್ ಕಳಿಸಿತು. ಅಂಕಿ ಸಣ್ಣದು. ಆದರೆ ಈ ಎರಡು ದೇಶಗಳಿಗೆ ಗಡಿಯೇ ತಾಗುವುದಿಲ್ಲ, ಕರೆಂಟ್ ಹೋಗಿದ್ದು ಭಾರತದ ಜಾಲ ದಾಟಿಕೊಂಡು.

ಇನ್ನೊಂದು ವಿಷಯ ಗಾತ್ರದ್ದು. ಇದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ನನಗೆ ಮಾತ್ರ ಇದೇ ದೊಡ್ಡ ಲಾಭವಾಗಿ ಕಾಣುತ್ತದೆ. ಒಂದು ದೇಶದ ಒಟ್ಟು ಬೇಡಿಕೆ 200 ಮೆಗಾವಾಟ್ ಅಂತಿಟ್ಟುಕೊಳ್ಳಿ. ಅಲ್ಲಿ 100 ಮೆಗಾವಾಟ್‌ನ ಒಂದು ಯಂತ್ರ ಕೂರಿಸಿದರೆ ಯೂನಿಟ್ ಅಗ್ಗ ಬೀಳುತ್ತದೆ. ಆದರೆ ಅದು ಟ್ರಿಪ್ ಆದ ಕ್ಷಣ ಅರ್ಧ ಪೂರೈಕೆ ಮಾಯ. ಫ್ರೀಕ್ವೆನ್ಸಿ, ಅಂದರೆ ಜಾಲದ ಯಂತ್ರಗಳೆಲ್ಲ ಒಟ್ಟಿಗೆ ತಿರುಗುವ ಲಯ, ಕುಸಿದು ಉಳಿದ ಯಂತ್ರಗಳೂ ಒಂದರ ಹಿಂದೊಂದು ಕೈಬಿಡುತ್ತವೆ, ಇಡೀ ದೇಶ ಕತ್ತಲು. ಅದಕ್ಕೇ ಯಾವ ಯಂತ್ರವೂ ಒಟ್ಟು ಬೇಡಿಕೆಯ ಹತ್ತರಲ್ಲೊಂದು ಪಾಲು ದಾಟದಿರಲಿ ಎಂದು ನಮ್ಮ ಕಸುಬಿನಲ್ಲಿ ಒಂದು ಅಂದಾಜು ಲೆಕ್ಕವಿದೆ. ಹೀಗಾಗಿ ಸಣ್ಣ ದೇಶ ಎಷ್ಟೋ ಸಲ ಸಣ್ಣ ಸಣ್ಣ ಡೀಸೆಲ್ ಯಂತ್ರಗಳಿಗೇ ಗಂಟು ಬೀಳುತ್ತದೆ. ಅದೇ ದೇಶ 2,000 ಮೆಗಾವಾಟ್‌ನ ಜಾಲಕ್ಕೆ ಸೇರಲಿ. ಆಗ ಆ 100 ಮೆಗಾವಾಟ್ ಯಂತ್ರ ನಿಂತರೂ ಅಕ್ಕಪಕ್ಕದವರು ಎತ್ತಿಹಿಡಿಯುತ್ತಾರೆ, ಮನೆಯವರಿಗೆ ಗೊತ್ತೂ ಆಗುವುದಿಲ್ಲ.

ಹಾಗಂತ ನಿಮ್ಮ ಅನುಮಾನ ಪೂರ್ತಿ ತಪ್ಪಲ್ಲ. ಜಾಂಬಿಯಾ, ಜಿಂಬಾಬ್ವೆ ಎರಡೂ ಕರೀಬಾ ಎಂಬ ಒಂದೇ ಅಣೆಕಟ್ಟಿನಿಂದ ಕರೆಂಟ್ ತೆಗೆಯುತ್ತವೆ. 2024ರ ಬರ ಇಬ್ಬರನ್ನೂ ಒಟ್ಟಿಗೆ ಹೊಡೆಯಿತು. ಒಂದೇ ನದಿ ನಂಬಿದವರು ತಮ್ಮತಮ್ಮಲ್ಲೇ ಏನು ಹಂಚಿಕೊಳ್ಳಲು ಸಾಧ್ಯ? ಆಫ್ರಿಕಾ ಖಂಡದ ದಕ್ಷಿಣ ಭಾಗದ ದೇಶಗಳು ಕರೆಂಟ್ ಹಂಚಿಕೊಳ್ಳಲು 1995ರಲ್ಲಿ ಶುರು ಮಾಡಿದ ಒಕ್ಕೂಟದಲ್ಲಿ (ಪವರ್ ಪೂಲ್) ನೀರಿನವರ ಜೊತೆ ಕಲ್ಲಿದ್ದಲಿನವರೂ ಇದ್ದಾರೆ, ಅದರ ಬಲ ಇರುವುದು ಅಲ್ಲೇ. (ಆ ಕಲ್ಲಿದ್ದಲಿನ ದೊಡ್ಡಣ್ಣ ದಕ್ಷಿಣ ಆಫ್ರಿಕಾವೇ 2023ರಲ್ಲಿ ಲೋಡ್ ಶೆಡ್ಡಿಂಗ್‌ನಲ್ಲಿ ಒದ್ದಾಡುತ್ತಿತ್ತು ಅನ್ನುವುದು ಬೇರೆ ಮಾತು.)

ಪ್ರಶ್ನೆ: ದೊಡ್ಡ ಲೈನ್ ಹಳ್ಳಿಯ ತಲೆಯ ಮೇಲೇ ಹೋಗುತ್ತದೆ, ಕೆಳಗಿನ ಮನೆಯಲ್ಲಿ ದೀಪ ಇರುವುದಿಲ್ಲ. ಅದರಿಂದಲೇ ಒಂದು ತಂತಿ ಇಳಿಸಲು ಏನು ಕಷ್ಟ?

ಉತ್ತರ: ಐವರಿ ಕೋಸ್ಟ್‌ನಿಂದ ಲೈಬೀರಿಯಾ, ಸಿಯೆರಾ ಲಿಯೋನ್ ಹಾದು ಗಿನಿಗೆ ಹೋಗುವ ಲೈನ್ ಸುಮಾರು 1,300 ಕಿ.ಮೀ. ಉದ್ದ, 225 ಕಿಲೋವೋಲ್ಟ್. ಅಷ್ಟು ಒತ್ತಡವನ್ನು ಮನೆಯ ಮಟ್ಟಕ್ಕೆ ಇಳಿಸಲು ದೊಡ್ಡ ಸಬ್‌ಸ್ಟೇಷನ್ ಬೇಕು. ಐವತ್ತು ಮನೆಗಳಿಗೆ ಅದನ್ನು ಕಟ್ಟಿದರೆ ಖರ್ಚು ಹುಟ್ಟುವುದೇ ಇಲ್ಲ.

ಆದರೆ ಒಂದು ಜಾಣ ಉಪಾಯವಿದೆ, ಘಾನಾದಲ್ಲಿ ಮಾಡಿ ತೋರಿಸಿದ್ದಾರೆ. ಟವರ್‌ನ ತುತ್ತತುದಿಯಲ್ಲಿ ಸಿಡಿಲು ತಡೆಯಲೆಂದೇ ಒಂದು ತಂತಿ ಇರುತ್ತದೆ. ಸಾಮಾನ್ಯವಾಗಿ ಅದನ್ನು ನೆಲಕ್ಕೆ ಜೋಡಿಸಿ ಬಿಟ್ಟುಬಿಡುತ್ತಾರೆ. ಘಾನಾದವರು ಅದಕ್ಕೆ ಇನ್ಸುಲೇಟರ್ ಹಾಕಿ, ಮಧ್ಯಮ ಒತ್ತಡದ ಕರೆಂಟ್ ಹರಿಸಿ, ದಾರಿಯ ಹಳ್ಳಿಗಳಿಗೆ ಸಣ್ಣ ಟ್ರಾನ್ಸ್‌ಫಾರ್ಮರ್‌ಗಳಿಂದ ಕೊಟ್ಟರು. ಸಿಡಿಲು ತಡೆಯುವ ಕೆಲಸವೂ ನಿಲ್ಲಲಿಲ್ಲ. ಇದನ್ನು ಲೈನ್ ಕಟ್ಟುವಾಗಲೇ ಯೋಚಿಸಿದರೆ ಸುಲಭ. ಎಲ್ಲ ಮುಗಿದ ಮೇಲೆ ನೆನಪಾದರೆ ಖರ್ಚೂ ಜಾಸ್ತಿ, ರಗಳೆಯೂ ಜಾಸ್ತಿ.

ಪ್ರಶ್ನೆ: ನೆರೆಯವರು ಮುನಿಸಿಕೊಂಡು ಸ್ವಿಚ್ ಆಫ್ ಮಾಡಿದರೆ?

ಉತ್ತರ: ಮಾಡಿದ್ದಾರೆ. 2023ರ ಜುಲೈನಲ್ಲಿ ನೈಜರ್‌ನಲ್ಲಿ ಸೇನೆ ಅಧಿಕಾರ ಹಿಡಿಯಿತು. ಕೆಲವೇ ದಿನಗಳಲ್ಲಿ ನೈಜೀರಿಯಾ ಕರೆಂಟ್ ನಿಲ್ಲಿಸಿತು. ನೈಜರ್‌ನ ಸುಮಾರು 70% ವಿದ್ಯುತ್ ಅಲ್ಲಿಂದಲೇ ಬರುತ್ತಿತ್ತು. ರಾಜಧಾನಿ ನಿಯಾಮೆಯಲ್ಲೂ ತಾಸುಗಟ್ಟಲೆ ಕತ್ತಲು.

ಮಧ್ಯ ಅಮೆರಿಕದ ಆರು ದೇಶಗಳು ಬೇರೆ ದಾರಿ ಹಿಡಿದವು. 1996ರಲ್ಲಿ ಒಪ್ಪಂದ, ಸುಮಾರು 1,800 ಕಿ.ಮೀ. ಲೈನ್ ಪೂರ್ತಿಯಾಗಿದ್ದು 2014ರಲ್ಲಿ. ಹದಿನೆಂಟು ವರ್ಷ! ತಂತಿ ಎಳೆಯುವುದರ ಜೊತೆಗೆ ಆರೂ ದೇಶಗಳಿಗೆ ಸೇರಿದ ಒಂದು ನಿಯಂತ್ರಣ ಮಂಡಳಿ, ಜಾಲ ನಡೆಸುವ ಒಂದು ಸಂಸ್ಥೆಯನ್ನೂ ಕಟ್ಟಿದರು. 2021ರಲ್ಲಿ ಗ್ವಾಟೆಮಾಲಾ ತಾನು ಹೊರಬರುತ್ತೇನೆ ಎಂದು ನೋಟಿಸ್ ಕೊಟ್ಟಿತು. ಅಲ್ಲಿ ಯಾರ ದೀಪವೂ ಆರಲಿಲ್ಲ. ಒಪ್ಪಂದದ ಪ್ರಕಾರ ಆ ನೋಟಿಸ್ ಜಾರಿಗೆ ಬರಲು ಹತ್ತು ವರ್ಷ ಬೇಕು.