ಜಿಯೋಲೈಟ್ ಡ್ರಮ್ಮೊಂದೇ ಸಾಕೇ?

ಪ್ರಶ್ನೆ: ಹೊಸೂರಿನ ಪಕ್ಕ ನನ್ನದೊಂದು ಸಣ್ಣ ಪ್ಲೇಟಿಂಗ್ (ಲೋಹಲೇಪನ) ಶೆಡ್ ಇದೆ. ನಿಕಲ್, ಕ್ರೋಮ್ ಎರಡೂ ಮಾಡುತ್ತೇವೆ. ದಿನಕ್ಕೆ ಸುಮಾರು 1000 ಲೀಟರ್ ತೊಳೆದ ನೀರು ಬರುತ್ತದೆ. ಜಿಯೋಲೈಟ್ ಎಂಬ ಸೂಕ್ಷ್ಮ ರಂಧ್ರಗಳ ಖನಿಜದ ಹರಳು ತುಂಬಿದ ಡ್ರಮ್ಮಿನಲ್ಲಿ ಹಾಯಿಸಿದರೆ ಸಾಕು, ಕೆಮಿಕಲ್ ಬೇಡ ಎನ್ನುತ್ತಾರೆ ಮಾರುವವರು. ನಂಬಬಹುದೇ?

ಉತ್ತರ: ಕ್ರೋಮ್ ನೀರಿನ ಮಟ್ಟಿಗಂತೂ ನಂಬಬೇಡಿ. ಜಿಯೋಲೈಟಿನ ಹಂದರಕ್ಕೆ ಋಣ ವಿದ್ಯುದಂಶ ಇರುತ್ತದೆ. ಸೀಸ, ತಾಮ್ರ, ನಿಕಲ್ ಧನ ಅಯಾನುಗಳಾದ್ದರಿಂದ (ಧನ ವಿದ್ಯುದಂಶದ ಕಣಗಳು) ಅಲ್ಲಿ ಬಂದು ಕೂರುತ್ತವೆ, ಅಲ್ಲಿದ್ದ ಸೋಡಿಯಂ, ಕ್ಯಾಲ್ಸಿಯಂ ನೀರಿಗೆ ಇಳಿಯುತ್ತವೆ. ಕ್ರೋಮ್ ನೀರಿನಲ್ಲಿರುವ ಕ್ರೋಮಿಯಂ-6 ಹಾಗಲ್ಲ. ಅದು ಕ್ರೋಮೇಟ್ ರೂಪದ ಋಣ ಅಯಾನು, ಹೆಚ್ಚುಕಡಿಮೆ ಬಂದ ಹಾಗೇ ಡ್ರಮ್ ದಾಟುತ್ತದೆ. ಕ್ಯಾನ್ಸರ್ ತರುವ ಈ ವಸ್ತುವಿಗೆ ನಿಯಮ ಲೀಟರಿಗೆ 0.1 ಮಿಲಿಗ್ರಾಂ ಮಿತಿ ಹಾಕಿದೆ.

ಕ್ರೋಮ್ ನೀರನ್ನು ಬೇರೆ ತೊಟ್ಟಿಯಲ್ಲಿ ಹಿಡಿಯಿರಿ. ಆಸಿಡ್ ಹಾಕಿ ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) 2ರಿಂದ 3ಕ್ಕೆ ತಂದು ಸೋಡಿಯಂ ಮೆಟಾಬೈಸಲ್ಫೈಟ್ ಬೆರೆಸಿದರೆ ಹಳದಿ ನೀರು ಹಸಿರಿಗೆ ತಿರುಗುತ್ತದೆ. ಘಾಟು ಏಳುತ್ತದೆ, ಗಾಳಿಯಾಡುವ ಕಡೆ ಮಾಡಿ. ಸಯನೈಡ್ ಬಾತ್ (ಸಯನೈಡ್ ಬೆರೆಸಿದ ಪ್ಲೇಟಿಂಗ್ ದ್ರಾವಣ) ಏನಾದರೂ ಇಟ್ಟಿದ್ದರೆ ಆ ನೀರಿನ ಒಂದು ತೊಟ್ಟೂ ಇದಕ್ಕೆ ಬೀಳಕೂಡದು, ಪ್ರಾಣಕ್ಕೇ ಸಂಚಕಾರ. ಆಮೇಲೆ ಸುಣ್ಣ ಹಾಕಿ ಪಿಎಚ್ 8ರಿಂದ 9ಕ್ಕೆ ಏರಿಸಿದರೆ ಕ್ರೋಮಿಯಂ ಕೆಸರಾಗಿ ತಳಕ್ಕಿಳಿಯುತ್ತದೆ.

ನಿಕಲ್ ವಿಷಯದಲ್ಲಿ ಮಾರಾಟಗಾರರ ಮಾತು ಅರ್ಧ ನಿಜ. ಜಿಯೋಲೈಟ್ ಸೀಸವನ್ನು ಹಿಡಿದಷ್ಟು ಗಟ್ಟಿಯಾಗಿ ನಿಕಲನ್ನು ಹಿಡಿಯದು. ಲೀಟರಿಗೆ 20 ಮಿಲಿಗ್ರಾಂ ನಿಕಲ್ ಇದೆ, ಒಂದು ಗ್ರಾಂ ಹರಳು 2 ಮಿಲಿಗ್ರಾಂ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ಮಿತಿಯಾದ 3 ಮಿಲಿಗ್ರಾಂಗೆ ತರಲು ದಿನಕ್ಕೆ ಎಂಟೂವರೆ ಕಿಲೋ ಬೇಕು. 25 ಕಿಲೋ ಮೂಟೆ ಮೂರು ದಿನವೂ ಬಾರದು. ಬೋರ್‌ವೆಲ್ ನೀರು ಗಡುಸಾಗಿದ್ದರೆ ಕ್ಯಾಲ್ಸಿಯಂ ಕೂಡ ಜಾಗ ಕಬಳಿಸುತ್ತದೆ. ಅದಕ್ಕೇ ಮೊದಲು ಸುಣ್ಣ ಹಾಕಿ ಪಿಎಚ್ 10ರ ಸುಮಾರಿಗೆ ಏರಿಸಿ ನಿಕಲ್ ಕೆಸರು ತೆಗೆಯಿರಿ, ತಿಳಿಯನ್ನು 9ರ ಒಳಗೆ ತಂದು, ಉಳಿದ ಚೂರುಪಾರು ನಿಕಲಿಗೆ ಮಾತ್ರ ಜಿಯೋಲೈಟ್ ಬಳಸಿ. ಆ ಕೆಲಸಕ್ಕೆ ಅದು ಒಳ್ಳೆಯ ವಸ್ತುವೇ. ಪುಡಿ ಬೇಡ, ಡ್ರಮ್ ಕಟ್ಟಿಕೊಳ್ಳುತ್ತದೆ. 1–2 ಮಿಲಿಮೀಟರ್ ಹರಳು ತನ್ನಿ.

ದುಡ್ಡು ಕೊಡುವ ಮುಂಚೆ ನಿಮ್ಮದೇ ತಿಳಿನೀರು ಒಂದು ಲೀಟರಿಗೆ 10 ಗ್ರಾಂ ಹರಳು ಹಾಕಿ, ಕೆಲವು ಗಂಟೆ ಆಗಾಗ ಕುಲುಕಿ. ಹಾಕುವ ಮುಂಚಿನ ನೀರು, ಆಮೇಲಿನ ನೀರು ಎರಡನ್ನೂ ಲ್ಯಾಬಿಗೆ ಕಳಿಸಿ.

ತುಂಬಿದ ಹರಳು, ಕೆಸರು ಎರಡನ್ನೂ ಅಪಾಯಕಾರಿ ತ್ಯಾಜ್ಯವೆಂದೇ ಮೂಟೆ ಕಟ್ಟಿಡಿ. ಉಪ್ಪುನೀರಲ್ಲಿ ಹರಳು ತೊಳೆದು ಮತ್ತೆ ಬಳಸಬಹುದು, ಆದರೆ ಆ ಉಪ್ಪುನೀರಿನಲ್ಲಿ ನಿಕಲ್ ಇನ್ನೂ ದಟ್ಟವಾಗಿರುತ್ತದೆ. ಅದು ವಾಪಸು ನಿಕಲ್ ಕೆಸರು ತೆಗೆಯುವ ಸುಣ್ಣದ ತೊಟ್ಟಿಗೇ ಹೋಗಬೇಕು. ಯಾವುದನ್ನೂ ಮೋರಿಗೆ ಬಿಡಬೇಡಿ. ಕೆಳವರಪಳ್ಳಿ ಅಣೆಕಟ್ಟಿನ ನೀರನ್ನೇ ನಂಬಿ ಬೆಳೆಯುವ ರೈತರು ನಿಮ್ಮ ಪಕ್ಕದಲ್ಲೇ ಇದ್ದಾರೆ.