ಜಿಐ ಬಿಲ್ ಹಣ ಬೇರೆ, ನೆರವು ಕೇಂದ್ರದ ಅನುದಾನ ಬೇರೆ
ಅಮೆರಿಕದ ಸೇನೆಯಲ್ಲಿ ಸೇವೆ ಮುಗಿಸಿ ಅಲ್ಲಿನ ಕಾಲೇಜು ಸೇರಿರುವ ನಿಮ್ಮ ತಮ್ಮನ ಜಿಐ ಬಿಲ್ (ಮಾಜಿ ಸೈನಿಕರ ಓದಿಗೆ ಸರ್ಕಾರ ಕೊಡುವ ನೆರವು) ಹಣದಿಂದಲೇ ಮಾಜಿ ಸೈನಿಕ ವಿದ್ಯಾರ್ಥಿಗಳ ನೆರವು ಕೇಂದ್ರವೂ ನಡೆಯುತ್ತದೆಯೇ ಎಂದು ಕೇಳಿದ್ದೀರಿ. ಇಲ್ಲ. 2009ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಈಗಿನ ಪೋಸ್ಟ್-9/11 ಜಿಐ ಬಿಲ್ ಯೋಜನೆ ಮುಖ್ಯವಾಗಿ ವಿದ್ಯಾರ್ಥಿಯ ಶುಲ್ಕ, ವಸತಿ ಭತ್ಯೆ ಮತ್ತು ಪುಸ್ತಕದ ಖರ್ಚಿಗಾಗಿ ಇರುವುದು. ಕೇಂದ್ರಗಳಿಗೆಂದೇ 2008ರ ಉನ್ನತ ಶಿಕ್ಷಣ ಅವಕಾಶ ಕಾಯ್ದೆಯಲ್ಲಿ ಪ್ರತ್ಯೇಕ ಅನುದಾನಕ್ಕೆ ಅವಕಾಶವಿದ್ದು, ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಹಣ ಮಂಜೂರು ಮಾಡಿದ ವರ್ಷಗಳಲ್ಲಿ ಫೆಡರಲ್ ಶಿಕ್ಷಣ ಇಲಾಖೆ ಆಯ್ದ ಕಾಲೇಜುಗಳಿಗೆ 3 ವರ್ಷಗಳ ಅವಧಿಗೆ ಅದನ್ನು ಕೊಡುತ್ತದೆ. ಸಂಯೋಜಕರೊಬ್ಬರನ್ನು ನೇಮಿಸಿ, ಪ್ರವೇಶಾತಿಯಿಂದ ಆಪ್ತಸಮಾಲೋಚನೆಯವರೆಗಿನ ನೆರವನ್ನು ಒಂದೇ ಕಡೆ ಒದಗಿಸಬೇಕೆಂಬುದು ಅದರ ಷರತ್ತು. ಅವಧಿ ಮುಗಿದ ಬಳಿಕ ಕೇಂದ್ರವನ್ನು ಹೇಗೆ ಉಳಿಸಿಕೊಳ್ಳುವಿರಿ ಎಂದೂ ಕಾಲೇಜು ಮೊದಲೇ ತಿಳಿಸಬೇಕು. ನನ್ನ ಆತಂಕ ಇರುವುದು ಅಲ್ಲೇ: ಅನುದಾನ ನಿಂತ ಮೇಲೆ ಕೇಂದ್ರ ಉಳಿಯುತ್ತದೆಯೇ? ವಿದ್ಯಾರ್ಥಿಯ ದಾಖಲಾತಿಯನ್ನು ಕಾಲೇಜು ಮಾಜಿ ಸೈನಿಕರ ಇಲಾಖೆಗೆ ದೃಢೀಕರಿಸಿ ಕಳುಹಿಸುವುದು ತಡವಾದರೆ, ಬಾಡಿಗೆ ಕಟ್ಟುವ ದಿನ ಬಂದರೂ ವಸತಿ ಭತ್ಯೆ ಕೈಸೇರುವುದಿಲ್ಲ. ಅಂಥ ಹೊತ್ತಿನಲ್ಲಿ ಬಾಗಿಲು ತಟ್ಟಲು ಒಬ್ಬ ಕಾಯಂ ಸಿಬ್ಬಂದಿ ಬೇಕೇ ಬೇಕು.