ಕಡಲನ್ನೇ ಕೆಂಪಾಗಿಸುವ ಪದ

ಪ್ರಶ್ನೆ: ಮೇಡಂ, ಪದವಿ ತರಗತಿಯಲ್ಲಿ ನಮಗೆ ಶೇಕ್ಸ್‌ಪಿಯರ್‌ನ ‘ಮ್ಯಾಕ್‌ಬೆತ್’ ಪಠ್ಯವಾಗಿದೆ. ಪ್ರತಿ ದೃಶ್ಯದ ಕಠಿಣ ಪದಗಳನ್ನು ಪಟ್ಟಿ ಮಾಡಿ, ನಿಘಂಟು ನೋಡಿ ಬಾಯಿಪಾಠ ಮಾಡುತ್ತೇನೆ. ವಾರ ಕಳೆಯುವಷ್ಟರಲ್ಲಿ ಮುಕ್ಕಾಲು ಪಾಲು ಮರೆತುಹೋಗಿರುತ್ತದೆ. ಬೇರೆ ದಾರಿ ಇದೆಯೇ?

ಉತ್ತರ: ಪಟ್ಟಿ ಇರಲಿ, ಆದರೆ ಕೊನೆಗೆ. ಮೊದಲು ದೃಶ್ಯವನ್ನು ಗಟ್ಟಿಯಾಗಿ ಓದಿ. 28 ವರ್ಷ ಈ ನಾಟಕವನ್ನು ಪಾಠ ಮಾಡಿದ್ದೇನೆ. ಎರಡನೇ ಅಂಕದ ಎರಡನೇ ದೃಶ್ಯಕ್ಕೆ ಬಂದರೆ ಇವತ್ತಿಗೂ ನನ್ನ ದನಿ ತಾನಾಗಿ ತಗ್ಗುತ್ತದೆ. ದೊರೆ ಡಂಕನ್‌ನನ್ನು ಕೊಂದು ಬಂದ ಮ್ಯಾಕ್‌ಬೆತ್ ತನ್ನ ಕೈ ನೋಡಿಕೊಳ್ಳುತ್ತಾನೆ. ಕಡಲ ನೀರೆಲ್ಲ ಸೇರಿದರೂ ಈ ರಕ್ತ ಹೋದೀತೇ? ಇಲ್ಲ, ಈ ಕೈಯೇ ಕಡಲುಗಳನ್ನು ‘ಇನ್‌ಕಾರ್ನಡೈನ್’ ಮಾಡೀತು ಎನ್ನುತ್ತಾನೆ. ಪದ ತಿಳಿಯಲಿಲ್ಲವೇ? ಮುಂದಿನ ಸಾಲಿಗೆ ಹೋಗಿ. ಹಸಿರು ಕಡಲು ಕೆಂಪಾಗುತ್ತದೆ ಎಂದು ಅವನೇ ಅರ್ಥ ಬಿಡಿಸಿ ಹೇಳಿದ್ದಾನೆ! ಮಾಂಸ ಎಂಬ ಅರ್ಥದ ಲ್ಯಾಟಿನ್ ಬೇರಿನಿಂದ ಬಂದ ಪದವದು. ಮಾಂಸಾಹಾರಿ ಎಂಬರ್ಥದ ‘ಕಾರ್ನಿವೋರಸ್’ ಹುಟ್ಟಿದ್ದೂ ಅಲ್ಲಿಂದಲೇ. ಈಗ ಬಾಯಿಬಿಟ್ಟು ಹೇಳಿ ನೋಡಿ. ಅದೇ ಸಾಲಿನಲ್ಲಿ ಕಡಲುಗಳನ್ನು ಬಣ್ಣಿಸುವ ‘ಮಲ್ಟಿಟ್ಯೂಡಿನಸ್’ (ಅಸಂಖ್ಯ), ಆಮೇಲೆ ‘ಇನ್‌ಕಾರ್ನಡೈನ್’ ಎನ್ನುವಾಗ ನಾಲಿಗೆ ಅಲೆಯಂತೆ ಉರುಳುತ್ತದೆ. ಆಮೇಲೆ ‘ಗ್ರೀನ್, ಒನ್, ರೆಡ್’ ಎಂದು ಹನಿ ತೊಟ್ಟಿಕ್ಕಿದ ಹಾಗೆ ಪುಟ್ಟ ಪದಗಳು. ಬರೀ ಕಣ್ಣಾಡಿಸಿದರೆ ಇದು ದಕ್ಕುವುದಿಲ್ಲ.

ಇನ್ನೊಂದು ಮಾತು. ಗೊತ್ತಿಲ್ಲದ ಪದಕ್ಕೆ ನಿಘಂಟು ತೆರೆಯುತ್ತೀರಿ; ಗೊತ್ತಿದೆ ಎಂದುಕೊಂಡ ಪದಕ್ಕೆ ತೆರೆಯುವುದಿಲ್ಲ. ಇದೇ ದೃಶ್ಯದಲ್ಲಿ ‘ಗ್ರೂಮ್ಸ್’ ಗೊರಕೆ ಹೊಡೆಯುತ್ತಾರೆ. ‘ಅರಮನೆಯಲ್ಲಿ ಯಾರ ಮದುವೆ?’ ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದ್ದಳು. ಕೇಳಲೇಬೇಕಾದ ಪ್ರಶ್ನೆ. ಅವರು ಮದುಮಕ್ಕಳಲ್ಲ, ದೊರೆಯ ಶಯನಗೃಹದ ಸೇವಕರು. ‘ವೇರ್‌ಫೋರ್’ ಎಂದರೆ ಎಲ್ಲಿ ಎಂದಲ್ಲ, ಏಕೆ ಎಂದು. ‘ಸ್ಲೀವ್’ ಎಂದು ಕೇಳಿಸುವ ಪದ ಅಂಗಿಯ ತೋಳಲ್ಲ, ಸಿಕ್ಕುಗಟ್ಟಿದ ನೂಲು. ಕಾಗುಣಿತದಲ್ಲಿ ಒಂದೇ ಅಕ್ಷರ ಬೇರೆ. ಚಿಂತೆಯ ಸಿಕ್ಕುನೂಲನ್ನು ನಿದ್ದೆ ಮತ್ತೆ ಹೆಣೆಯುತ್ತದೆ ಎನ್ನುತ್ತಾನೆ ಮ್ಯಾಕ್‌ಬೆತ್. ಆ ನಿದ್ದೆಯನ್ನೇ ತಾನು ಕೊಂದೆನೆಂದು ಅವನಿಗೆ ಆಗ ತಾನೇ ಹೊಳೆದಿದೆ. ಇಷ್ಟು ತಿಳಿದ ಮೇಲೆ ಆ ಪದವನ್ನು ಮರೆಯುವುದು ಹೇಗೆ?

ದೃಶ್ಯಕ್ಕೆ ಐದೇ ಪದ ಸಾಕು. ಪದವೊಂದನ್ನೇ ಬರೆಯಬೇಡಿ, ಇಡೀ ಸಾಲು ಬರೆದು, ಯಾರು ಯಾರಿಗೆ ಹೇಳಿದ್ದು ಎಂಬುದನ್ನೂ ಪಕ್ಕದಲ್ಲಿ ಗುರುತಿಸಿ. ‘ಗಿಲ್ಡ್’ನಿಂದ ಆರಂಭಿಸಿ. ಚಿನ್ನದ ಲೇಪ ಕೊಡುವುದು ಎಂದು ಅದರ ಅರ್ಥ. ಮಲಗಿದ ಸೇವಕರ ಮುಖಕ್ಕೆ ರಕ್ತ ಬಳಿಯಲು ಹೊರಟ ಲೇಡಿ ಮ್ಯಾಕ್‌ಬೆತ್ ಆ ಪದ ಬಳಸುತ್ತಾಳೆ. ಅದರ ಬೆನ್ನಿಗೇ ‘ಗಿಲ್ಟ್’, ಅಪರಾಧ, ಎನ್ನುತ್ತಾಳೆ. ಎರಡನ್ನೂ ಒಂದರ ಹಿಂದೆ ಒಂದು ಜೋರಾಗಿ ಹೇಳಿ.